ಆಲ್ತಾರಿನಿಂದ ಎಳೆದ ವಯರು

ಕಾವೂರಿನ ನಮ್ಮ ಮನೆಯ ಬಗ್ಗೆ ಸದ್ಯಕ್ಕೆ ಮೂರು ಕಥೆಗಳು ಚಾಲ್ತಿಯಲ್ಲಿವೆ. ಮೂರನ್ನೂ ಹೇಳುತ್ತಿರುವವರು ನನಗೆ ಬೇಕಾದವರೇ ಆದ್ದರಿಂದ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ನಾನು ಕಾಲೇಜಿನ ಐದೂ ವರ್ಷ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆಯೇ ಬೆಳೆದವಳು. ಎದುರು ಪಕ್ಷದವರು ಹೇಳಿದ್ದನ್ನು ಮೂರು ನಿಮಿಷದೊಳಗೆ ಖಂಡಿಸದೆ ಬಿಟ್ಟರೆ ಅಂಕ ಅವರಿಗೇ ಹೋಗುತ್ತದೆ ಎಂಬುದು ನನ್ನ ರಕ್ತಕ್ಕೆ ಸೇರಿಹೋಗಿದೆ. ಈಗ ಹಿರಿಯ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿದ್ದೇನೆ. ಕೋರ್ಟಿನಲ್ಲಿ ವಾದ ಮಾಡುವುದು ಅವರು, ಫೈಲು ಹೊತ್ತು ಹಿಂದೆ ನಿಲ್ಲುವುದು ನಾನು. ಹಾಗಾಗಿ ದಿನವಿಡೀ ಒಳಗೆ ಕಟ್ಟಿಕೊಂಡ ವಾದವೆಲ್ಲ ಮನೆಗೆ ಬಂದ ಮೇಲೆಯೇ ಹೊರಬರಬೇಕು. ಮನೆಯಲ್ಲಿರುವುದು ಮಮ್ಮಿ ಒಬ್ಬಳೇ. ಅವಳು ಪ್ರತಿವಾದ ಮಾಡುವುದಿಲ್ಲ, ಈರುಳ್ಳಿ ಹೆಚ್ಚುತ್ತಾಳೆ. ಇದಕ್ಕಿಂತ ಕಷ್ಟದ ಎದುರಾಳಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ.

ಮೊದಲನೆಯದು ನನ್ನ ಅಣ್ಣ ರೋಶನನ ಕಥೆ. ದೋಹಾದಲ್ಲಿ ಒಂದು ಕಂಪೆನಿಯ ಸ್ಟೋರ್ ನೋಡಿಕೊಳ್ಳುವ ಅವನು, ಊರಿನ ಮನೆಯ ಸೆನ್ಸರ್‌ಗಳಿಗೆಲ್ಲ ತಾನು ಅಲ್ಲಿಂದಲೇ ವಿಡಿಯೋ ಕಾಲಿನಲ್ಲಿ ವಯರಿಂಗ್ ಮಾಡಿಸಿದೆ ಎಂದು ರೂಮಿನ ಗೆಳೆಯರಿಗೆ ಹೇಳಿಕೊಂಡಿದ್ದಾನೆ. ಆ ಐತಿಹಾಸಿಕ ಕರೆಯ ಉದ್ದಕ್ಕೂ ಫೋನ್ ಹಿಡಿದಿದ್ದವಳು ಮಮ್ಮಿ. ಅವಳು ಹಿಡಿದ ರೀತಿಗೆ ಅವನಿಗೆ ಕಂಡದ್ದು ಸೀಲಿಂಗ್ ಫ್ಯಾನು ಮತ್ತು ನನ್ನ ಎಡಗಿವಿ, ಎರಡೇ. ಎರಡನೆಯದು ಹಮೀದಾಕನ ಕಥೆ. ಮಂಗಳೂರಿನ ಬಂದರ್‌ನಲ್ಲಿ ಅಜ್ಜನ ಕಾಲದಿಂದ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿರುವ ಅವರ ಪ್ರಕಾರ ಎಲ್ಲವೂ ಅವರ ಅಂಗಡಿಯ ತಾಮ್ರದ ಮಹಿಮೆ. ಮೂರನೆಯದು ನಮ್ಮ ಇಗರ್ಜಿಯ ಅಂಗಳದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಓಡಾಡುವ ಕಥೆ. ಅದರ ಪ್ರಕಾರ ಆ ವಿಧವೆಯ ಮನೆಗೆ ಈಗ ಯೇಸುಸ್ವಾಮಿಯೇ ಕಾವಲು, ಮಗಳು ದೇವರ ವಿಷಯದಲ್ಲಿ ಸ್ವಲ್ಪ ಅಡ್ಡ ಮಾತಾಡುವವಳಾದರೂ ಕೊನೆಗೆ ಸರಿಯಾದ ಕಡೆಗೇ ಬಂದು ಸೇರಿದಳು. ಮೂರರಲ್ಲಿ ನನಗೆ ಅತಿ ಹೆಚ್ಚು ತೊಂದರೆ ಕೊಟ್ಟಿರುವುದು ಈ ಮೂರನೆಯದೇ. ಯಾಕೆಂದರೆ ಉಳಿದೆರಡನ್ನು ಸುಳ್ಳೆಂದು ಸಾಬೀತು ಮಾಡಬಲ್ಲೆ.

ಎಲ್ಲ ಶುರುವಾದದ್ದು ಬಟ್ಟೆ ಒಗೆಯುವ ಕಲ್ಲಿನಿಂದ. ಕಳೆದ ಮಳೆಗಾಲದ ಆರಂಭದಲ್ಲಿ ಅದರ ಬುಡದ ಪಾಚಿಯ ಮೇಲೆ ಮಮ್ಮಿ ಜಾರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಮೂವತ್ತು ವರ್ಷ ಊರಿನ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ನರ್ಸ್ ಆಗಿದ್ದವಳು ಅವಳು. ಸ್ವಲ್ಪ ಹೊತ್ತು ಅಲ್ಲೇ ಕುಳಿತು ಸುಧಾರಿಸಿಕೊಂಡು, ಒಳಗೆ ಬಂದು, ಮರದ ಸೌಟಿನ ಹಿಡಿ ಮತ್ತು ಹಳೆಯ ದಿನಪತ್ರಿಕೆಯಿಂದ ತನ್ನ ಕೈಗೆ ತಾನೇ ಕಟ್ಟು ಹಾಕಿಕೊಂಡು, ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ, ಎಕ್ಸ್‌ರೇ ತೆಗೆಯುವ ಮೊದಲೇ ಡಾಕ್ಟರಿಗೆ ಯಾವ ಮೂಳೆ ಎಂದು ತಿಳಿಸಿದಳು. ಮಧ್ಯಾಹ್ನ ಕೋರ್ಟಿನ ಕ್ಯಾಂಟೀನಿನಲ್ಲಿದ್ದ ನನಗೆ ಅವಳಿಂದ ಬಂದ ಫೋನು, ‘ಬರುವಾಗ ಹೊಸ ಸೌಟು ತಾ ಬಾಯ್’ ಎಂಬುದಷ್ಟೇ. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ, ಬಾಯ್ ಎಂದರೆ ಮಗಳೇ ಎಂದ ಹಾಗೆ. ಈ ಬರಹದಲ್ಲಿ ನಾವೆಲ್ಲ ಕನ್ನಡ ಮಾತಾಡುತ್ತೇವೆ, ಓದುವವರ ಮೇಲಿನ ಗೌರವಕ್ಕಾಗಿ.

ಮಮ್ಮಿ ಇಷ್ಟು ಧೀರೆಯಾದರೂ ರೋಶನ್ ಧೀರನಲ್ಲ. ಅವನು ವಾರದ ರಜೆ ಹಾಕಿ ಓಡಿ ಬಂದ. ಸೂಟ್‌ಕೇಸಿನಲ್ಲಿ ಖರ್ಜೂರದ ಜೊತೆಗೆ ಬೆಂಕಿಪೊಟ್ಟಣದ ಗಾತ್ರದ ಐದು ಬಿಳಿ ಸೆನ್ಸರ್ ಡಬ್ಬಿಗಳಿದ್ದವು. ಹಾಲ್, ಅಡುಗೆಮನೆ, ಎರಡು ರೂಮು, ಹಿಂದಿನ ಜಗಲಿ ಎಂದು ಒಂದೊಂದು ಗೋಡೆಗೆ ಒಂದೊಂದನ್ನು ಅಂಟಿಸಿದ. ಡಬ್ಬಿಯ ಮುಂದೆ ಯಾರಾದರೂ ನಡೆದರೆ ಅದು ವೈಫೈ ಮೂಲಕ ಸುದ್ದಿ ಮುಟ್ಟಿಸುತ್ತದೆ, ದೋಹಾದಲ್ಲಿ ಅವನ ಫೋನಿನ ಮೇಲೆ ‘ಅಡುಗೆಮನೆ: ಚಲನೆ’ ಎಂದು ಬರುತ್ತದೆ. ಹಗಲು ಹೊತ್ತು ಮೂರು ಗಂಟೆ ಯಾವ ಡಬ್ಬಿಯ ಮುಂದೆಯೂ ಯಾರೂ ನಡೆಯದಿದ್ದರೆ ಫೋನು ಕಿರುಚಿಕೊಳ್ಳುತ್ತದೆ. ಚಿತ್ರ ಇಲ್ಲ, ಶಬ್ದ ಇಲ್ಲ, ಮನುಷ್ಯ ಓಡಾಡುತ್ತಿದ್ದಾನೆ ಎಂಬುದಷ್ಟೇ. ಮಮ್ಮಿ ಒಪ್ಪಿದ್ದು ಅದಕ್ಕೇ. ‘ಐಸಿಯುವಿನಲ್ಲಿ ನಾವು ಪೇಶೆಂಟಿಗೆ ಹಾಕ್ತಿದ್ದದ್ದು ಇದಕ್ಕಿಂತ ಜಾಸ್ತಿ ಇತ್ತು’ ಎಂದು ಡಬ್ಬಿಯನ್ನು ತಿರುಗಿಸಿ ನೋಡಿ, ಇದು ಅಷ್ಟೇನೂ ಗಂಭೀರ ಕೇಸಲ್ಲ ಎಂಬಂತೆ ಹಿಂದಿರುಗಿಸಿದಳು.

ಡಬ್ಬಿಗಳ ಒಳಗೆ ಎರಡೆರಡು ಸಣ್ಣ ಪೆನ್ಸಿಲ್ ಸೆಲ್ಲುಗಳಿದ್ದವು. ಎರಡು ವರ್ಷ ಬಾಳಿಕೆ ಬರುತ್ತವೆ ಎಂದು ರಟ್ಟಿನ ಪೆಟ್ಟಿಗೆಯ ಮೇಲೆ ಬರೆದಿತ್ತು. ಅದನ್ನು ಬರೆದವರು ಕಡಲ ಗಾಳಿ ಇಲ್ಲದ ಊರಿನವರು ಇರಬೇಕು. ಮಂಗಳೂರಿನಲ್ಲಿ ಜೂನ್ ಕಳೆದ ಮೇಲೆ ಉಪ್ಪಿನ ಡಬ್ಬಿಯೊಳಗೆ ನೀರಾಗುತ್ತದೆ, ಕಪಾಟಿನೊಳಗಿನ ಬೆಲ್ಟಿಗೆ ಹಸಿರು ಗಡ್ಡ ಬರುತ್ತದೆ, ಸೆಲ್ಲಿನ ತುದಿಗೆ ಕಿಲುಬು ಹಿಡಿಯಲು ಹೊತ್ತು ಬೇಕಾಗುವುದಿಲ್ಲ. ಅದೂ ಅಲ್ಲದೆ ಮಮ್ಮಿ ಒಂದು ಕಡೆ ಕೂರುವ ಜೀವ ಅಲ್ಲ. ಒಂದು ಲೋಟ ಚಹಾ ಮಾಡಲು ಅವಳು ಅಡುಗೆಮನೆಯ ಡಬ್ಬಿಯ ಮುಂದೆ ಹನ್ನೊಂದು ಸಲ ಹಾದುಹೋಗುತ್ತಾಳೆ. ಪ್ರತಿ ಸಲವೂ ಅದು ಎದ್ದು ದೋಹಾಕ್ಕೆ ವರದಿ ಮಾಡಬೇಕು. ಎರಡು ತಿಂಗಳಿಗೆ ಮೊದಲ ಸೆಲ್ಲು ಸತ್ತಿತು. ಆಮೇಲೆ ವಾರಕ್ಕೊಂದರಂತೆ ಸಾಯತೊಡಗಿದವು. ಸತ್ತವನ್ನೆಲ್ಲ ಮಮ್ಮಿ ಶೋಕೇಸಿನಲ್ಲಿದ್ದ ನನ್ನ ಅಂತರಕಾಲೇಜು ಉತ್ತಮ ವಾಗ್ಮಿ ಪ್ರಶಸ್ತಿಯ ಕಪ್ಪಿನಲ್ಲಿ ಹಾಕಿಡುತ್ತಿದ್ದಳು. ಯಾಕೆ ಎಂದು ಕೇಳಿದರೆ, ‘ಬೇರೆ ಯಾವುದಕ್ಕೂ ಉಪಯೋಗ ಇಲ್ಲದ್ದು ಮನೆಯಲ್ಲಿ ಅದೊಂದೇ ಇದ್ದದ್ದು’ ಎಂದಳು. ಸೆಲ್ಲಿನ ಬಗ್ಗೆ ಹೇಳಿದಳೋ ಕಪ್ಪಿನ ಬಗ್ಗೆಯೋ ಕೇಳುವ ಧೈರ್ಯ ನನಗೆ ಬರಲಿಲ್ಲ.

ಇಷ್ಟಾದರೂ ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಸೆಪ್ಟೆಂಬರಿನ ಒಂದು ಶನಿವಾರ ಬಂತು.

ಆ ದಿನ ನಾನು ಸೀನಿಯರ್ ಜೊತೆ ಪುತ್ತೂರಿಗೆ ಹೋಗಿದ್ದೆ. ಮಮ್ಮಿಗೆ ಯಾರೋ ದೋಹಾಕ್ಕೆ ಹೊರಟಿದ್ದಾರೆ ಎಂದು ಸುದ್ದಿ ಸಿಕ್ಕಿ, ಮಗನಿಗೆ ಸಿಗಡಿ ಉಪ್ಪಿನಕಾಯಿ ಕಳಿಸಲು ಬೆಳಿಗ್ಗೆ ಒಂಬತ್ತಕ್ಕೆ ಅಡುಗೆಮನೆ ಹೊಕ್ಕಳು. ಸಿಗಡಿ ಸುಲಿಯುವುದು, ಹುರಿಯುವುದು, ಮಿಕ್ಸಿಯಲ್ಲಿ ಮೆಣಸು ಅರೆಯುವುದು. ಹನ್ನೆರಡರವರೆಗೆ ಅಲ್ಲಿಂದ ಹೊರಗೆ ಕಾಲಿಡಲಿಲ್ಲ. ಹಿಂದಿನ ದಿನ ಸಂಜೆ ಟೀವಿಯ ರಿಮೋಟ್ ಕೈಕೊಟ್ಟಿದ್ದರಿಂದ ಅವಳು ಅಡುಗೆಮನೆಯ ಡಬ್ಬಿಯಿಂದ ಎರಡೂ ಸೆಲ್ ತೆಗೆದು ರಿಮೋಟಿಗೆ ಹಾಕಿದ್ದಳು. ಆಮೇಲೆ ನಾನು ತರಾಟೆಗೆ ತೆಗೆದುಕೊಂಡಾಗ ಅವಳು ಕೊಟ್ಟ ಹೇಳಿಕೆಯನ್ನು ಅಕ್ಷರಶಃ ಕೊಡುತ್ತೇನೆ: ‘ಅಡುಗೆಮನೆಯಲ್ಲಿ ನಾನಿದ್ದೇನೆ ಅಂತ ನನಗೆ ಗೊತ್ತುಂಟಲ್ಲ ಬಾಯ್, ಅದಕ್ಕೆ ಸೆಲ್ ಯಾಕೆ?’

ಹನ್ನೆರಡಕ್ಕೆ ದೋಹಾದಲ್ಲಿ ಫೋನು ಕಿರುಚಿತು. ರೋಶನ್ ಮಮ್ಮಿಗೆ ಆರು ಸಲ ಕರೆ ಮಾಡಿದ. ಅವಳ ಫೋನು ರೂಮಿನಲ್ಲಿ ಚಾರ್ಜಿಗಿತ್ತು, ಮಿಕ್ಸಿ ಗರಗರ ಎನ್ನುತ್ತಿತ್ತು. ಅವನು ಗುರ್ಕಾರರಿಗೆ ಫೋನ್ ಮಾಡಿದ. ನಮ್ಮ ಇಗರ್ಜಿಯಲ್ಲಿ ಒಂದೊಂದು ವಾರ್ಡಿಗೆ ಒಬ್ಬ ಮುಖ್ಯಸ್ಥ ಇರುತ್ತಾರೆ, ಅವರಿಗೆ ಗುರ್ಕಾರ ಎನ್ನುತ್ತೇವೆ. ನಮ್ಮ ಗುರ್ಕಾರ ಸಿರಿಲ್ ಅಂಕಲ್ ಯಾರ ಮನೆಯ ಕಷ್ಟಕ್ಕೂ ಚಪ್ಪಲಿ ಹಾಕಿಕೊಳ್ಳದೆ ಓಡುವವರು. ಅವರು ದಾರಿಯಲ್ಲಿ ಸಿಕ್ಕಿದ ನಾಲ್ವರನ್ನು ಕರೆದುಕೊಂಡು ಬಂದು, ಬೆಲ್ ಒತ್ತಿ, ಕೂಗಿ, ಕೊನೆಗೆ ಮುಂಬಾಗಿಲಿಗೆ ಭುಜ ಕೊಟ್ಟರು. ಚಿಲಕ ಕಿತ್ತು ಬಂತು. ಆ ಸದ್ದಿಗೆ ಮಿಕ್ಸಿ ನಿಲ್ಲಿಸಿ ಮಮ್ಮಿ ಹಾಲಿಗೆ ಬಂದಳು, ಎರಡೂ ಕೈ ಮೊಣಕೈವರೆಗೆ ಕೆಂಪು ಕೆಂಪು. ಆ ಕೆಂಪು ಬ್ಯಾಡಗಿ ಮೆಣಸಿನದ್ದು ಎಂದು ತಿಳಿಯುವ ಮೊದಲೇ ಸಿರಿಲ್ ಅಂಕಲ್ ಕುಸಿದು ಬಿದ್ದರು. ಮಮ್ಮಿ ಕೈ ತೊಳೆದು ಬಂದು ಅವರನ್ನು ಸೋಫಾದ ಮೇಲೆ ಮಲಗಿಸಿ, ಕಾಲಡಿಗೆ ದಿಂಬು ಕೊಟ್ಟು, ನಾಡಿ ಹಿಡಿದು ಗಡಿಯಾರ ನೋಡತೊಡಗಿದಳು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಒಬ್ಬರು ಫೋನ್ ಮಾಡಿದ್ದರಿಂದ ಕೊನೆಯ ಪ್ರಾರ್ಥನೆಗೆಂದು ಪಾದ್ರಿಗಳೂ ಬಂದರು. ಬಂದವರು ಯಾರಿಗೆ ಎಂದು ತಿಳಿಯದೆ ಬಾಗಿಲಲ್ಲೇ ನಿಂತರು. ಸಾಯಬೇಕಾದವಳು ಎಲ್ಲರಿಗೂ ಲಿಂಬೆ ಶರಬತ್ತು ಮಾಡುತ್ತಿದ್ದಳು.

ಸಂಜೆ ರೋಶನ್ ತೀರ್ಪು ಕೊಟ್ಟ. ‘ಅಕ್ಟೋಬರ್ ಕೊನೆಗೆ ಫ್ರೆಂಡಿನ ಮದುವೆಗೆ ಬರ್ತೇನಲ್ಲ, ಆಗ ಐದು ಕ್ಯಾಮರಾ ತರ್ತೇನೆ. ರೂಮಿಗೊಂದು. ಸೆಲ್ಲಿನ ಕಿರಿಕಿರಿಯೇ ಬೇಡ, ನಾನು ಇಲ್ಲಿಂದ ಕಣ್ಣಲ್ಲೇ ನೋಡ್ತೇನೆ.’

ಮಮ್ಮಿ ಫೋನ್ ಇಟ್ಟ ಮೇಲೆ ಮುರಿದ ಚಿಲಕವನ್ನು ಕೈಯಲ್ಲಿ ಹಿಡಿದು ಕುಳಿತಿದ್ದಳು. ಆಮೇಲೆ, ‘ಮೂವತ್ತು ವರ್ಷ ನಾನು ಬೇರೆಯವರನ್ನು ನೋಡಿಕೊಂಡೆ. ಅವರಿಗೆ ಹೇಗೆ ಆಗ್ತಿತ್ತು ಅಂತ ಯೋಚನೆಯೇ ಮಾಡ್ಲಿಲ್ಲ ನೋಡು’ ಎಂದಳು. ಮತ್ತೆ, ‘ಮನೆಯೊಳಗೆ ನೈಟಿ ಹಾಕ್ಕೊಂಡು ಕೂರುವ ಹಾಗೂ ಇಲ್ಲ ಇನ್ನು’ ಎಂದಳು. ನಾನು ಎಷ್ಟೋ ನಿರ್ಣಯಗಳ ಪರವಾಗಿಯೂ ವಿರೋಧವಾಗಿಯೂ ವಾದಿಸಿದ್ದೇನೆ, ಎರಡೂ ಕಡೆ ನಿಂತು ಕಪ್ಪು ಗೆದ್ದಿದ್ದೇನೆ. ಆದರೆ ಆ ಸಂಜೆ ಮೊದಲ ಬಾರಿಗೆ ನನಗೆ ಒಂದೇ ಕಡೆ ಇತ್ತು. ಮಮ್ಮಿಯ ಮನೆಯೊಳಗೆ ಕ್ಯಾಮರಾ ಬರಬಾರದು.

ರೋಶನ್‌ಗೆ ಮರುದಿನವೇ ಫೋನ್ ಮಾಡಿ ನನ್ನ ಪ್ರಸ್ತಾಪ ಮಂಡಿಸಿದೆ. ತೊಂದರೆ ಡಬ್ಬಿಯದ್ದಲ್ಲ, ಸೆಲ್ಲಿನದ್ದು. ಸೆಲ್ ತೆಗೆದು ನೇರ ಕರೆಂಟು ಕೊಟ್ಟರೆ ತೆಗೆಯಲಿಕ್ಕೂ ಏನೂ ಇಲ್ಲ, ಸಾಯಲಿಕ್ಕೂ ಏನೂ ಇಲ್ಲ. ಅವನು ನಕ್ಕ. ‘ನಿನಗೆ ಬಲ್ಬ್ ಬದಲಿಸ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ಆಯ್ತು, ನಾನು ಬರುವ ದಿನ ಐದೂ ಕೆಲಸ ಮಾಡ್ತಿರ್ಬೇಕು. ಒಂದು ಸತ್ತಿದ್ರೂ ಡ್ರಿಲ್ಲು ಹಿಡಿತೇನೆ.’ ಆರು ವಾರದ ಗಡುವು.

ಒಂದು ಹಳೆಯ ಮೊಬೈಲ್ ಚಾರ್ಜರಿನ ವಯರನ್ನು ಕತ್ತರಿಸಿ, ಎರಡು ತುದಿಗಳನ್ನು ಹಿಂದಿನ ಜಗಲಿಯ ಡಬ್ಬಿಯಲ್ಲಿ ಸೆಲ್ ಕೂರುವ ಕಡೆಗೆ ಸಿಕ್ಕಿಸಿದೆ. ಸ್ವಿಚ್ ಹಾಕಿದೆ. ಡಬ್ಬಿಯ ದೀಪ ಹಿಂದೆಂದೂ ಇಲ್ಲದಷ್ಟು ಪ್ರಖರವಾಗಿ ಉರಿಯಿತು. ಗೆದ್ದೆ ಅಂದುಕೊಂಡೆ. ನಾಲ್ಕು ಸೆಕೆಂಡ್ ಆದ ಮೇಲೆ ಮೀನು ಕರಿದ ವಾಸನೆ ಬಂತು. ಮಮ್ಮಿ ಆ ದಿನ ಮೀನು ಮಾಡಿರಲಿಲ್ಲ.

ಸುಟ್ಟ ಡಬ್ಬಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದರ್‌ಗೆ ಹೋದೆ. ಹಮೀದಾಕನ ಅಂಗಡಿ ಎಂದರೆ ನೆಲದಿಂದ ಸೂರಿನವರೆಗೆ ವಯರಿನ ಸುರುಳಿಗಳು, ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ಅವರು. ಹಿಂದೊಮ್ಮೆ ಅವರ ಗೋದಾಮಿನ ಬಾಡಿಗೆಯ ಕೇಸು ನಮ್ಮ ಆಫೀಸಿಗೆ ಬಂದಿತ್ತು, ಹಾಗೆ ಪರಿಚಯ. ಅವರು ಡಬ್ಬಿಯನ್ನು ಮೂಗಿಗೆ ಹಿಡಿದು ನೋಡಿದರು.

‘ಎಷ್ಟು ಕೊಟ್ಟದ್ದು ವಕೀಲ್ರೆ?’

‘ಐದು ವೋಲ್ಟ್.’

‘ಇದಕ್ಕೆ ಬೇಕಾದ್ದು ಮೂರು. ಮೂರು ತಿಂಗಳ ಮಗುವಿಗೆ ಬಿರಿಯಾನಿ ಕೊಟ್ಟಿದ್ದೀರಿ ಮಾರಾಯ್ರೆ ನೀವು.’

ನಾನು ಎರಡು ವೋಲ್ಟಿನ ವ್ಯತ್ಯಾಸವನ್ನು ತಡೆದುಕೊಳ್ಳದ ವಸ್ತುವಿನ ಗುಣಮಟ್ಟದ ಬಗ್ಗೆ ಸ್ವಲ್ಪ ವಾದಿಸಿದೆ. ಅವರು ತಾಳ್ಮೆಯಿಂದ ಕೇಳಿ, ‘ನೀವು ಹೇಳುದು ಸರಿ. ಆದ್ರೆ ಅದು ಸತ್ತಿದೆಯಲ್ಲ’ ಎಂದರು. ಆಮೇಲೆ ಬೆರಳ ತುದಿಯಷ್ಟು ದೊಡ್ಡ ಹಸಿರು ಬೋರ್ಡುಗಳನ್ನು ತೆಗೆದರು. ಐದು ವೋಲ್ಟನ್ನು ಮೂರಕ್ಕೆ ಇಳಿಸುವುದು ಅವುಗಳ ಕೆಲಸ, ಡಬ್ಬಿಗೊಂದು ಬೇಕು. ಅವುಗಳ ತಿರುಪನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ತಿರುಗಿಸಿ, ಮೀಟರಿನಲ್ಲಿ ನೋಡಿ, ಐದನ್ನೂ ಅವರೇ ಸರಿ ಮಾಡಿ ಕೊಟ್ಟರು. ‘ಸೆಲ್ ಕೂರುವ ಜಾಗಕ್ಕೆ ಸೆಲ್ಲಿನ ಹಾಗೇ ಇರುವ ಒಂದು ಕೋಲು ಮಾಡಿ. ತುದಿಗೆ ಪಿನ್ ಚುಚ್ಚಿ, ಪಿನ್ನಿಗೆ ವಯರು ಸುತ್ತಿ. ಡಬ್ಬಿಗೆ ಅದು ಸೆಲ್ ಅಂತ್ಲೇ ಅನ್ನಿಸ್ಬೇಕು’ ಎಂದರು. ನಕಲಿ ಸಾಕ್ಷಿಯನ್ನು ಹೀಗೆ ಬಹಿರಂಗವಾಗಿ ತಯಾರಿಸಲು ನನಗೆ ಹೇಳಿಕೊಟ್ಟ ಮೊದಲ ಕಕ್ಷಿದಾರ ಅವರು. ಇಷ್ಟಕ್ಕೆ ನಾನು ಅವರಿಗೆ ಋಣಿ. ಆದರೆ ಇದನ್ನು ತಾಮ್ರದ ಮಹಿಮೆ ಎನ್ನಲಾಗದು.

ಮನೆಯಲ್ಲಿ ಸೆಲ್ಲಿನಷ್ಟೇ ದಪ್ಪದ ಕೋಲು ಹುಡುಕಿದೆ. ಪೆನ್ಸಿಲ್ ಸಪೂರವಾಯಿತು, ಪೊರಕೆಯ ಹಿಡಿ ದಪ್ಪವಾಯಿತು. ಹುಡುಕುತ್ತ ಹಾಲಿನ ಮೂಲೆಯ ಡ್ರಾಯರ್ ತೆಗೆದರೆ, ಅಳತೆ ಕೊಟ್ಟು ಮಾಡಿಸಿದಂತೆ ಸಪೂರ ಮೇಣದ ಬತ್ತಿಗಳ ಕಟ್ಟು. ಹತ್ತು ತುಂಡು ಮಾಡಿದೆ. ಐದು ಡಬ್ಬಿಗೆ ಎರಡೆರಡರಂತೆ, ತುದಿಗೆ ಡ್ರಾಯಿಂಗ್ ಪಿನ್ ಚುಚ್ಚಿದಾಗ ಎಷ್ಟು ಚಂದ ಕೂತವು ಎಂದರೆ, ಮಮ್ಮಿಯನ್ನು ಕರೆದು ತೋರಿಸಿದೆ. ಮಮ್ಮಿಯ ಮುಖ ನೋಡಿದ ಮೇಲೆ ಅದು ಯಾವ ಡ್ರಾಯರ್ ಎಂದು ನೆನಪಾಯಿತು. ಫೆಬ್ರುವರಿಯಲ್ಲಿ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಬತ್ತಿಗಳು ಅವು. ಸಿಡಿಲು ಬರುವಾಗ ಹೊತ್ತಿಸಲು ಇಟ್ಟುಕೊಂಡದ್ದು.

‘ಈಗ ಸಿಡಿಲು ಬಂದ್ರೆ?’ ಎಂದಳು.

‘ಸಿಡಿಲಿಗೂ ಮೇಣದ ಬತ್ತಿಗೂ ಸಂಬಂಧ ಉಂಟು ಅಂತ ಸಾಬೀತು ಮಾಡು ಮಮ್ಮಿ, ಹೊಸ ಕಟ್ಟು ತಂದು ಕೊಡ್ತೇನೆ.’

ಅವಳು ಸಾಬೀತು ಮಾಡಲಿಲ್ಲ. ಈರುಳ್ಳಿ ಹೆಚ್ಚಲು ಹೋದಳು. ಮರುದಿನ ನಾನೇ ಹೊಸ ಕಟ್ಟು ತಂದು, ಪಾದ್ರಿಗಳ ಹತ್ತಿರ ಒಯ್ದು, ಅವರ ಮುಗುಳ್ನಗೆಯನ್ನು ಸಹಿಸಿಕೊಂಡು ಆಶೀರ್ವಾದ ಮಾಡಿಸಿಕೊಂಡು ಬಂದೆ.

ಸುಟ್ಟ ಡಬ್ಬಿಯ ಬದಲಿಗೆ ಇನ್ನೊಂದು ತರಿಸಿದೆ. ಟೀವಿ ಪಕ್ಕದ ಪ್ಲಗ್ಗಿಗೆ ಒಂದು ಚಾರ್ಜರ್ ಹಾಕಿ, ಅಲ್ಲಿಂದ ಸಪೂರ ವಯರನ್ನು ಗೋಡೆಯ ಮೇಲಂಚಿನಲ್ಲಿ ಐದು ಕಡೆಗೂ ಎಳೆದೆ. ಕ್ರಿಸ್‌ಮಸ್ ನಕ್ಷತ್ರಗಳ ಮಾಲೆಗೆಂದು ಪ್ರತಿವರ್ಷ ಹೊಡೆದ ಮೊಳೆಗಳೇ ಸಾಲಾಗಿದ್ದವು, ಹೊಸದಾಗಿ ಒಂದನ್ನೂ ಹೊಡೆಯಬೇಕಾಗಲಿಲ್ಲ. ಐದೂ ಡಬ್ಬಿಗಳು ಕಣ್ಣು ಬಿಟ್ಟವು. ಮೇಣದ ಬತ್ತಿಯನ್ನು ಸೆಲ್ ಎಂದು ನಂಬಿದವು. ಭಾನುವಾರ ಮಧ್ಯಾಹ್ನ ಅದನ್ನು ನೋಡುತ್ತ ನಾನೊಬ್ಬಳೇ ಹಾಲಿನಲ್ಲಿ ಚಪ್ಪಾಳೆ ತಟ್ಟಿದೆ. ನಾಲ್ಕೂವರೆಗೆ ಸತ್ತವು.

ಸತ್ತದ್ದಲ್ಲ, ಕೊಲೆ. ದೂರದಲ್ಲಿ ಗುಡುಗಿತ್ತು, ಮಮ್ಮಿ ತನ್ನ ರೌಂಡ್ಸ್ ಮುಗಿಸಿದ್ದಳು. ಇದನ್ನು ನಾನು ಹೇಗೆ ಮರೆತೆ ಎಂದು ಈಗಲೂ ಅರ್ಥವಾಗುವುದಿಲ್ಲ. ಮನೆಯಿಂದ ಹೊರಡುವಾಗ, ಮಲಗುವಾಗ, ಮತ್ತು ಗುಡುಗಿನ ಮೊದಲ ಸದ್ದಿಗೆ, ಮಮ್ಮಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಮನೆಯ ಪ್ರತಿ ಸ್ವಿಚ್ಚನ್ನೂ ಆಫ್ ಮಾಡುತ್ತಾಳೆ. ನಾನು ಹುಟ್ಟುವ ಮೊದಲು ಸಿಡಿಲಿಗೆ ಒಂದು ಟೀವಿ ಸುಟ್ಟಿತ್ತಂತೆ. ಆ ಟೀವಿಯನ್ನು ನಾನು ನೋಡಿಲ್ಲ, ಆದರೆ ಅದರ ನೆರಳಿನಲ್ಲೇ ಬೆಳೆದಿದ್ದೇನೆ. ಅವಳ ಕೈಯಿಂದ ವೈಫೈ ಡಬ್ಬಿಗೂ ವಿನಾಯಿತಿ ಇಲ್ಲ. ರೋಶನ್ ಅಷ್ಟು ದಿನ ‘ನಿಮ್ಮ ಊರಿನ ನೆಟ್ ಸರಿ ಇಲ್ಲ’ ಎಂದು ಬೈಯುತ್ತಿದ್ದದ್ದು ನೆಟ್ಟನ್ನಲ್ಲ, ಹೆತ್ತ ತಾಯಿಯನ್ನು.

ಸ್ವಿಚ್ಚಿನ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ‘ಆಫ್ ಮಾಡಬಾರದು’ ಎಂದು ಬರೆದೆ. ಐಸಿಯುವಿನಲ್ಲಿ ಅವಳೇ ಹಾಗೆ ಬರೆದು ಅಂಟಿಸುತ್ತಿದ್ದಳೆಂದು ಗೊತ್ತಿತ್ತು, ಅವಳದೇ ಅಸ್ತ್ರವನ್ನು ಅವಳ ಮೇಲೆ ಬಿಟ್ಟೆ. ಮರುದಿನ ನೋಡಿದರೆ ಪ್ಲಾಸ್ಟರ್ ಹಾಗೇ ಇದೆ, ಸ್ವಿಚ್ ಆಫ್ ಆಗಿದೆ.

‘ಬರೆದದ್ದು ಓದ್ಲಿಲ್ವಾ?’

‘ಓದಿದೆ. ಅಕ್ಷರ ಚಂದ ಉಂಟು.’

‘ಮತ್ತೆ?’

‘ಅಲ್ಲಿ ಪೇಶೆಂಟ್ ಇದ್ದ ಬಾಯ್. ಇಲ್ಲಿ ಯಾರಿದ್ದಾರೆ?’

ಪೇಶೆಂಟ್ ನೀನೇ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ನಾನು ರೋಶನ್‌ನ ಪಕ್ಷಕ್ಕೆ ಹೋದ ಹಾಗೆ. ಅವಳು ಪೇಶೆಂಟ್ ಅಲ್ಲ ಎಂಬುದೇ ಅಲ್ಲವೇ ನನ್ನ ಇಡೀ ಕೇಸು. ಹೀಗೆ ನನ್ನ ವಾದದೊಳಗೇ ನಾನು ಸಿಕ್ಕಿಬಿದ್ದು ಎರಡು ವಾರ ಕಳೆದವು. ರೋಶನ್ ಬರಲು ಒಂಬತ್ತು ದಿನ ಉಳಿದಿತ್ತು.

ಆ ಗುರುವಾರ ಮಧ್ಯಾಹ್ನ ಕೋರ್ಟಿನಿಂದ ಬೇಗ ಬಂದಿದ್ದೆ. ಗುಡುಗಿತು, ಮಮ್ಮಿ ರೌಂಡ್ಸ್ ಮುಗಿಸಿ ಹೊಸ ಕಟ್ಟಿನಿಂದ ಒಂದು ಬತ್ತಿ ಹೊತ್ತಿಸಿದಳು. ಮೋಡ ಕವಿದು ಮನೆಯೊಳಗೆ ಕತ್ತಲಾಯಿತು. ನಾನು ಸೋಫಾದಲ್ಲಿ ಸೋತು ಕುಳಿತು, ಸತ್ತ ಐದು ಡಬ್ಬಿಗಳನ್ನು ಶಪಿಸುತ್ತಿದ್ದೆ. ಆಗ ಕಂಡಿತು. ಇಡೀ ಮನೆಯಲ್ಲಿ ಒಂದು ದೀಪ ಉರಿಯುತ್ತಿತ್ತು. ಹಾಲಿನ ಮೂಲೆಯ ಆಲ್ತಾರಿನ ದೀಪ.

ಮಂಗಳೂರಿನ ಕಡೆಯ ಕ್ರೈಸ್ತರ ಮನೆಯೊಳಗೆ ಕಾಲಿಟ್ಟವರಿಗೆ ಆಲ್ತಾರು ಗೊತ್ತಿರುತ್ತದೆ. ಎತ್ತರದಲ್ಲಿ ಒಂದು ಸಣ್ಣ ಮರದ ಪೀಠ, ಯೇಸುವಿನ ಚಿತ್ರ, ಶಿಲುಬೆ, ಪ್ಲಾಸ್ಟಿಕ್ ಹೂವು, ಮುಂದೆ ಹಗಲೂ ರಾತ್ರಿ ಉರಿಯುವ ಕೆಂಪು ಬಲ್ಬು. ನಮ್ಮದನ್ನು ಹಾಕಿದ್ದು ಡ್ಯಾಡಿ, ಈ ಮನೆಗೆ ಬಂದ ದಿನ. ಕರೆಂಟು ಹೋದರೂ ಆರಬಾರದೆಂದು ಇನ್ವರ್ಟರಿನಿಂದ ನೇರ ಲೈನ್ ಎಳೆದಿದ್ದರು. ಅವರು ತೀರಿಹೋದ ದಿನವೂ ಅದು ಉರಿಯುತ್ತಿತ್ತು. ಹದಿನೇಳನೆಯ ವಯಸ್ಸಿನಲ್ಲಿ, ಹೊಸದಾಗಿ ಚರ್ಚಾಸ್ಪರ್ಧೆಗೆ ಸೇರಿದ ಉತ್ಸಾಹದಲ್ಲಿ, ದೇವರಿಗೆ ಹಗಲು ಹೊತ್ತು ದೀಪ ಯಾಕೆ ಎಂಬ ವಿಷಯದ ಮೇಲೆ ನಾನು ಈ ಹಾಲಿನಲ್ಲೇ ಇಪ್ಪತ್ತು ನಿಮಿಷ ಮಾತಾಡಿದ್ದೆ. ಆ ದೀಪವನ್ನು ಆರಿಸಬೇಕೆಂಬ ನನ್ನ ನಿರ್ಣಯ ಒಂದಕ್ಕೆ ಎರಡು ಮತಗಳಿಂದ ಬಿದ್ದುಹೋಯಿತು. ಅಂದಿನಿಂದ ಸಂಜೆಯ ತೆರ್ಸಿಗೆ, ಎಂದರೆ ಜಪಸರ ಹಿಡಿದು ಮಾಡುವ ಪ್ರಾರ್ಥನೆಗೆ, ಕೂರುವುದನ್ನೂ ಪ್ರತಿಭಟನೆಯಾಗಿ ಬಿಟ್ಟಿದ್ದೆ.

ಪೀಠದ ಅಡಿಗೆ ಬಗ್ಗಿ ನೋಡಿದೆ. ಒಂದು ಸ್ವಿಚ್ಚಿತ್ತು. ಅದರ ಮೇಲೆ ಕೂತ ಧೂಳು ಡ್ಯಾಡಿಯ ಕಾಲದ್ದು. ಯಾರ ಬೆರಳೂ ಅದನ್ನು ಮುಟ್ಟಿರಲಿಲ್ಲ. ಪಕ್ಕದಲ್ಲಿ ಅವರ ಕೈಯ ಟೇಪು ಸುತ್ತಿದ ಜಾಯಿಂಟು, ಹತ್ತು ಪಾಲು ಹೆಚ್ಚು ಹೊರೆ ತಾಳುವಷ್ಟು ದಪ್ಪದ ವಯರು. ಗುಡುಗು, ಕರೆಂಟು ಕಟ್, ಮಮ್ಮಿ, ಮೂರಕ್ಕೂ ಬಗ್ಗದ ಒಂದೇ ಒಂದು ಲೈನ್ ಈ ಮನೆಯಲ್ಲಿತ್ತು. ಅದನ್ನು ತೆಗೆಸಬೇಕೆಂದು ನಾನು ವಾದಿಸಿದ್ದೆ.

‘ಮಮ್ಮಿ, ಇಲ್ಲಿಂದ ಲೈನ್ ತಗೊಳ್ಳಲಾ?’ ಎಂದು ಕೇಳಿದೆ, ಆದಷ್ಟು ಸಹಜವಾಗಿ.

ಅವಳು ಚಿತ್ರದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ‘ಲೈನ್ ಕೊಡುವವರಿಗೂ ತಗೊಳ್ಳುವವರಿಗೂ ಸ್ವಲ್ಪ ಗುರ್ತ ಇರ್ಬೇಕಲ್ಲ ಬಾಯ್’ ಎಂದಳು. ಮತ್ತೆ, ‘ಕೇಳಿ ಹೇಳ್ತೇನೆ’ ಎಂದಳು. ಯಾರನ್ನು ಕೇಳುತ್ತಾಳೆಂದು ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಚಹಾದ ಜೊತೆಗೆ ಒಪ್ಪಿಗೆ ಬಂತು.

ಆ ಶನಿವಾರ ಚಾರ್ಜರನ್ನೂ ವೈಫೈ ಡಬ್ಬಿಯನ್ನೂ ಪೀಠದ ಹಿಂದೆ ಕೂರಿಸಿದೆ. ಡ್ಯಾಡಿಯ ಜಾಯಿಂಟಿಗೆ ನನ್ನ ಜಾಯಿಂಟು ಸೇರಿಸಿ, ಅವರಂತೆಯೇ ಟೇಪು ಸುತ್ತಲು ನೋಡಿದೆ, ಅಷ್ಟು ಚಂದ ಬರಲಿಲ್ಲ. ರೋಶನ್‌ನ ಆ ವಿಡಿಯೋ ಕಾಲ್ ಬಂದದ್ದು ಆಗಲೇ. ಸ್ಟೂಲಿನ ಮೇಲೆ ನಿಂತ ನನ್ನ ಕಿವಿಗೆ ಅವನು ನಲವತ್ತು ನಿಮಿಷ ಸಲಹೆ ಕೊಟ್ಟ.

ಅವನು ಬಂದ ದಿನ ಮಧ್ಯಾಹ್ನ ಊಟವಾದ ಮೇಲೆ ಐದು ಕ್ಯಾಮರಾದ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಪಕ್ಕದಲ್ಲಿ ಸಿರಿಲ್ ಅಂಕಲ್‌ರಿಂದ ತಂದ ಡ್ರಿಲ್ಲು. ಸಿರಿಲ್ ಅಂಕಲ್ ಕೂಡ ಡ್ರಿಲ್ಲಿನ ಜೊತೆಗೇ ಬಂದಿದ್ದರು. ನನ್ನ ಅದೃಷ್ಟಕ್ಕೆ, ಅದೃಷ್ಟವನ್ನು ನಾನು ನಂಬುವುದಿಲ್ಲ ಎಂಬುದನ್ನು ದಾಖಲಿಸಿ ಮುಂದೆ ಹೋಗುತ್ತೇನೆ, ಮೂರು ಗಂಟೆಗೆ ಗುಡುಗಿತು. ಮಮ್ಮಿ ಎದ್ದಳು. ಹಾಲ್, ಅಡುಗೆಮನೆ, ರೂಮುಗಳು, ಜಗಲಿ. ಟಕ್, ಟಕ್, ಟಕ್. ಫ್ರಿಜ್ ಸುಮ್ಮನಾಯಿತು, ಫ್ಯಾನು ನಿಂತಿತು. ರೋಶನ್ ಫೋನ್ ಹಿಡಿದು, ‘ಈಗ ನೋಡು, ಹೋಯ್ತು’ ಎಂದ.

‘ಎಂತ ಹೋಯ್ತು, ಓದು’ ಎಂದೆ.

ಅವನು ಓದಿದ. ‘ಹಾಲ್: ಚಲನೆ. ಅಡುಗೆಮನೆ: ಚಲನೆ. ಜಗಲಿ...’ ನಿಲ್ಲಿಸಿದ. ಎದ್ದು ತಾನೇ ರೂಮಿಗೆ ಹೋಗಿ ಕೈ ಬೀಸಿ ಬಂದ. ರೂಮು: ಚಲನೆ. ಅಷ್ಟರಲ್ಲಿ ಬೀದಿಯ ಕರೆಂಟೂ ಹೋಯಿತು. ಅವನು ಮತ್ತೆ ಐದೂ ಕಡೆ ಹೋಗಿ ಬಂದ, ಕೋರ್ಟಿನಿಂದ ಸ್ಥಳ ತನಿಖೆಗೆ ಹೋದವರಂತೆ. ಐದೂ ಡಬ್ಬಿಗಳು ಹಲ್ಲು ಬಿಟ್ಟು ಅವನನ್ನು ವರದಿ ಮಾಡಿದವು. ಮಮ್ಮಿ ಬೇಕೆಂದೇ ಎಲ್ಲ ಡಬ್ಬಿಗಳ ಮುಂದೆ ಒಂದು ಸುತ್ತು ನಿಧಾನವಾಗಿ ನಡೆದಳು, ಸೀರೆಯ ಅಂಗಡಿಯ ಕನ್ನಡಿಯ ಮುಂದೆ ನಡೆದ ಹಾಗೆ.

‘ಲೈನ್ ಎಲ್ಲಿಂದ ತಗೊಂಡದ್ದು?’ ಎಂದು ರೋಶನ್ ಕೇಳಿದ.

ನಾನು ಮೂಲೆಯ ಕಡೆ ಕೈ ತೋರಿಸಿದೆ. ನನ್ನ ಜೀವನದ ಅತ್ಯಂತ ಚಿಕ್ಕ ವಾದ ಅದು, ಅತ್ಯಂತ ದೊಡ್ಡ ಗೆಲುವೂ ಅದೇ. ರೋಶನ್ ದೀಪವನ್ನು ನೋಡಿದ, ವಯರನ್ನು ಕಣ್ಣಲ್ಲೇ ಹಿಂಬಾಲಿಸಿದ, ಕ್ಯಾಮರಾದ ಪೆಟ್ಟಿಗೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. ಸಿರಿಲ್ ಅಂಕಲ್ ಶಿಲುಬೆಯ ಗುರುತು ಮಾಡಿಕೊಂಡರು. ಮೂರನೆಯ ಕಥೆ ಹುಟ್ಟಿದ್ದು ಆ ಕ್ಷಣದಲ್ಲಿ, ನನ್ನ ಕಣ್ಣೆದುರೇ. ಆ ಐದು ಕ್ಯಾಮರಾಗಳು ಈಗ ಹಮೀದಾಕನ ಗೋದಾಮಿನಲ್ಲಿ ವಯರಿನ ಸುರುಳಿಗಳನ್ನು ಕಾಯುತ್ತಿವೆ. ಸತ್ತ ಸೆಲ್ಲುಗಳನ್ನು ಎಸೆದು, ನನ್ನ ಕಪ್ಪನ್ನು ತೊಳೆದು ಒರೆಸಿ ಶೋಕೇಸಿನ ಮುಂದಿನ ಸಾಲಿಗೆ ತಂದೆ. ಮಮ್ಮಿ ಸಂಜೆ ನೈಟಿ ಹಾಕಿಕೊಂಡು, ಕಾಲು ಚಾಚಿ, ಟೀವಿಯ ಮುಂದೆ ಕೂರುತ್ತಾಳೆ. ಮನೆ ಅವಳದೇ.

ಇಲ್ಲಿಗೆ ಮುಗಿಸಿದ್ದರೆ ನನ್ನ ಪಕ್ಷ ನಿಚ್ಚಳವಾಗಿ ಗೆದ್ದ ಹಾಗೆ. ಆದರೆ ಸತ್ಯವನ್ನು ಪೂರ್ತಿ ಹೇಳಬೇಕಾಗುತ್ತದೆ.

ಡಿಸೆಂಬರಿನ ಮೊದಲ ವಾರ ಒಂದು ಸಂಜೆ ಏಳಕ್ಕೆ ನಾನು ರೂಮಿನಲ್ಲಿ ಫೈಲು ಓದುತ್ತಿದ್ದಾಗ, ಡಬ್ಬಿಗಳ ಸುದ್ದಿ ನನಗೂ ಬರುವಂತೆ ರೋಶನ್ ಮಾಡಿಟ್ಟು ಹೋಗಿದ್ದ ನನ್ನ ಫೋನು ಕೂಗಿತು: ಮನೆ ಸಂಪರ್ಕದಲ್ಲಿಲ್ಲ. ಎದ್ದು ಓಡಿದೆ. ಆಲ್ತಾರಿನ ದೀಪ ಆರಿತ್ತು. ಮಮ್ಮಿ ಅದರ ಮುಂದೆ ಚಾಪೆ ಹಾಕಿ, ಮೇಣದ ಬತ್ತಿ ಹೊತ್ತಿಸಿ, ತೆರ್ಸು ಶುರುಮಾಡಿದ್ದಳು. ಪೀಠದ ಅಡಿಗೆ ಕೈ ಹಾಕಿ ಸ್ವಿಚ್ ಒತ್ತಿದೆ, ದೀಪ ಬಂತು, ಐದೂ ಡಬ್ಬಿ ಎದ್ದವು. ‘ಹೇಗೂ ಬಂದಿದ್ದೀಯಲ್ಲ, ಕೂತ್ಕೋ’ ಎಂದಳು ಮಮ್ಮಿ. ಅವಳ ಗಾಬರಿ ನೋಡಿ ಕುಳಿತೆ. ಈಗ ಯೋಚಿಸಿದರೆ ಗಾಬರಿಯಾಗಿದ್ದವಳು ನಾನೊಬ್ಬಳೇ. ಮರುದಿನ ಏಳಕ್ಕೆ ಮತ್ತೆ ಆರಿತು, ಮತ್ತೆ ಕುಳಿತೆ. ಹೀಗೆ ಹನ್ನೊಂದು ದಿನ. ಹತ್ತು ವರ್ಷದ ನನ್ನ ಪ್ರತಿಭಟನೆ ಒಂದು ವೋಲ್ಟೂ ಇಲ್ಲದೆ ಮುರಿದುಬಿತ್ತು, ಮಾತುಗಳೆಲ್ಲ ಇನ್ನೂ ಬಾಯಿಪಾಠ ಇವೆ ಎಂಬುದೂ ತಿಳಿಯಿತು.

ಲೂಸ್ ಕನೆಕ್ಷನ್ ಇರಬೇಕೆಂದು ನನ್ನ ಜಾಯಿಂಟನ್ನು ಬಿಚ್ಚಿ ಕಟ್ಟಿದೆ. ಸರಿಯಾಗಿಯೇ ಇತ್ತು. ಆಮೇಲೆ ಸಾಕ್ಷ್ಯ ಕಲೆಹಾಕಿದೆ. ದಾಖಲೆಯ ಪ್ರಕಾರ ಪ್ರತಿದಿನ ಸಂಪರ್ಕ ಕಡಿಯುವ ಮೊದಲಿನ ಕೊನೆಯ ಸುದ್ದಿ, ‘ಹಾಲ್: ಚಲನೆ’. ಮೇಣದ ಬತ್ತಿ ಪ್ರತಿದಿನವೂ ದೀಪ ಆರುವ ಮೊದಲೇ ಹೊತ್ತಿರುತ್ತದೆ, ಆಗಲೇ ಅರ್ಧ ಇಂಚು ಕರಗಿರುತ್ತದೆ. ಸ್ವಿಚ್ಚಿನ ಮೇಲಿನ ಧೂಳಿನಲ್ಲಿ ಎರಡು ಬೆರಳಿನ ಗುರುತುಗಳಿವೆ. ಒಂದು ಒತ್ತಿ ಹಾಕಿದ್ದು, ಅದು ನನ್ನದು. ಇನ್ನೊಂದಕ್ಕೆ ಸ್ವಲ್ಪ ಮೆಣಸಿನ ಬಣ್ಣ ಉಂಟು. ಇವೆಲ್ಲಕ್ಕಿಂತ ವಿಚಿತ್ರವೆಂದರೆ, ಹನ್ನೊಂದು ದಿನವೂ ದೋಹಾದಿಂದ ಒಂದು ಫೋನಿಲ್ಲ. ನಾನೇ ಮಾಡಿ ಕೇಳಿದೆ. ‘ಎಂತಕ್ಕೆ ಗಾಬರಿ?’ ಎಂದ ರೋಶನ್. ‘ದಿನಾ ಏಳಕ್ಕೆ ಐದು ನಿಮಿಷ ಇರುದಿಲ್ಲ ಅಂತ ಮಮ್ಮಿ ಮೊದ್ಲೇ ಹೇಳಿದ್ದಾಳಲ್ಲ.’

ನಿನ್ನೆ ತೆರ್ಸು ಮುಗಿದ ಮೇಲೆ ಮಮ್ಮಿ ಜಪಸರವನ್ನು ಡಬ್ಬಿಗೆ ಹಾಕಿ, ಚಾಪೆ ಮಡಚಿ, ಈರುಳ್ಳಿಯ ಬುಟ್ಟಿಯ ಕಡೆ ಹೊರಟಳು. ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, ಪಾಟೀಸವಾಲಿಗೆ ನಿಂತ ವಕೀಲೆಯ ಹಾಗೆ, ಆಲ್ತಾರಿನ ಯೇಸುವಿನ ಚಿತ್ರದ ಕಡೆ ಕೈ ತೋರಿಸಿ, ಒಂದೇ ಒಂದು ಪ್ರಶ್ನೆ ಕೇಳಿದೆ: ‘ಮಮ್ಮಿ, ಡ್ಯಾಡಿ ಹಾಕಿದ ದಿನದಿಂದ ನೀನು ಆಫ್ ಮಾಡದ ಸ್ವಿಚ್ಚು ಈ ಮನೆಯಲ್ಲಿ ಇದ್ದದ್ದು ಅದೊಂದೇ. ಆ ದಿನ ಕೇಳಿ ಹೇಳ್ತೇನೆ ಅಂದಿಯಲ್ಲ, ಲೈನ್ ಕೊಡುವಾಗ ನೀವಿಬ್ಬರೂ ಸೇರಿ ಎಂತ ಮಾತಾಡಿಕೊಂಡದ್ದು?’